ಒಂದಡಿಗೆ ಹನ್ನೆರಡಡಿ

ಶಿರಾ ಸೀಮೆಯಲ್ಲಿ ಕಡಲೆಕಾಯಿ ಕೀಳುವ ದಿನಗಳು. ಬೆಳಗಾದರೆ ಬದುಗಳ ಮೇಲೆ ಹಸಿ ಬಳ್ಳಿಯ ವಾಸನೆ, ಟ್ರ್ಯಾಕ್ಟರ್‌ ತುಂಬ ಕೂಲಿಯಾಳುಗಳ ಗದ್ದಲ. ಕೈತುಂಬ ಕೆಲಸ ಸಿಗುವ ಇಂಥ ದಿನದ ಕೂಲಿಯನ್ನೂ ಬಿಟ್ಟು, ಹತ್ತು ಗಂಟೆಗೆ ಮೊದಲೇ ಗ್ರಾಮ ಪಂಚಾಯತಿ ಕಚೇರಿಯ ಮುಂದೆ ಇಪ್ಪತ್ತು ಇಪ್ಪತ್ತೈದು ಮಂದಿ ಬಂದು ಕೂತಿದ್ದಾರೆ. ಹೆಚ್ಚಿನವರು ಹೆಂಗಸರು. ಹುಣಸೆ ಮರಕ್ಕೆ ಒಂದು ತುದಿ, ಕಿಟಕಿ ಸರಳಿಗೆ ಇನ್ನೊಂದು ತುದಿ ಕಟ್ಟಿದ ಬ್ಯಾನರ್ ಮೇಲೆ ‘ವಿಕಲಚೇತನರ ಸಮನ್ವಯ ಗ್ರಾಮಸಭೆ’ ಎಂದು ಬರೆದಿದೆ.

ಹತ್ತು ವರ್ಷದ ಹುಡುಗನೊಬ್ಬ ತಾಯಿಯ ಸೊಂಟದ ಮೇಲಿದ್ದಾನೆ. ಅವನ ಕಾಲುಗಳು ಆಕೆಯ ಮೊಣಕಾಲಿನಿಂದ ಕೆಳಕ್ಕೆ ಇಳಿಬಿದ್ದಿವೆ. ಪಕ್ಕದವರ ಜೊತೆ ಮಾತಾಡುತ್ತಲೇ ಆಕೆ ಅವನ ಕೊರಳಿನ ಟವೆಲ್ ತುದಿಯಿಂದ ಜೊಲ್ಲು ಒರೆಸುತ್ತಾರೆ. ಕೈ ತನ್ನಷ್ಟಕ್ಕೆ ತಾನೇ ಹೋಗಿ ಬರುತ್ತದೆ. ಟಿವಿಎಸ್ ಎಕ್ಸೆಲ್ ಮೇಲೆ ಬಂದ ಗಾರೆ ಕೆಲಸದವರೊಬ್ಬರು ಎಂಟು ವರ್ಷದ ಮಗಳನ್ನು ದುಪಟ್ಟದಿಂದ ತಮ್ಮ ಬೆನ್ನಿಗೆ ಬಿಗಿದುಕೊಂಡಿದ್ದಾರೆ. ಗಾಡಿ ಸ್ಟ್ಯಾಂಡ್ ಹಾಕಿ, ಗಂಟು ಬಿಚ್ಚಿ, ಅವಳ ಕುತ್ತಿಗೆಗೆ ಅಂಗೈ ಕೊಟ್ಟು ಇಳಿಸಿಕೊಳ್ಳುವ ಆ ಹದ ನೋಡಬೇಕು. ಒಬ್ಬ ಅಜ್ಜಿ ಮೊಮ್ಮಗನನ್ನು ಜಗಲಿಯ ಮೂಲೆಯಲ್ಲಿ ಕೂರಿಸಿಕೊಂಡು ನೀರಿನ ಬಾಟಲಿಯ ಮುಚ್ಚಳವೊಂದನ್ನು ಅವನ ಕೈಗಿತ್ತಿದ್ದಾರೆ. ಅದನ್ನು ತಿರುಗಿಸುತ್ತಾ ಅವನು ನೆಮ್ಮದಿಯಾಗಿದ್ದಾನೆ. ಸಮವಸ್ತ್ರದಲ್ಲೇ ಬಂದ ಹುಡುಗಿಯೊಬ್ಬಳು ತಮ್ಮನ ಚಪ್ಪಲಿ ಹಿಡಿದು ನಿಂತಿದ್ದಾಳೆ. ಇವತ್ತು ಅವಳಿಗೂ ಶಾಲೆ ಇಲ್ಲ.

ಸಭೆಯ ಮೊದಲ ತೀರ್ಮಾನ ಸಭೆ ಶುರುವಾಗುವ ಮುಂಚೆಯೇ ಆಯಿತು. ಮೈಕ್‌ಸೆಟ್ಟಿನವನು ‘ಹಲೋ, ಹಲೋ’ ಎಂದದ್ದೇ ತಡ, ಮುಚ್ಚಳ ತಿರುಗಿಸುತ್ತಿದ್ದ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಚೀರಿದ. ಅಜ್ಜಿ ಎದ್ದು ಹೋಗಿ, ‘ಅದನ್ನ ಆರ್ಸಪ್ಪ, ನಮ್ ಮಗಿಗೆ ಕಿವಿ ಒಳಗೆ ಸೂಜಿ ಚುಚ್ಚಿದಂಗೆ ಆಯ್ತದೆ’ ಅಂದರು. ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಒಂದು ಕ್ಷಣ ಹಿಂದೆ ಮುಂದೆ ನೋಡಿ ವೈರು ತೆಗೆಸಿದರು. ಅವತ್ತಿನ ಸಭೆ ಮೈಕಿಲ್ಲದೆ ನಡೆಯಿತು. ಮುಂದಿನ ಸಭೆಗಳೂ ಹಾಗೆಯೇ ನಡೆಯಲಿ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿದವರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಊರಿನವರ ಬಾಯಲ್ಲಿ ಅವರು ‘ವಿಆರ್‌ಡಬ್ಲ್ಯು ಮೇಡಮ್’. ಕಾಲಿಗೆ ಕ್ಯಾಲಿಪರ್ ಹಾಕಿಕೊಂಡು ಮೂರು ಗಾಲಿಯ ಸ್ಕೂಟರಿನಲ್ಲಿ ಊರೂರು ತಿರುಗುವವರು. ಕರ್ನಾಟಕದಲ್ಲಿ ಪಂಚಾಯತಿಗೊಬ್ಬರಂತೆ ಇರುವ ಈ ಕಾರ್ಯಕರ್ತರೂ ಅಂಗವಿಕಲರೇ ಆಗಿರಬೇಕೆಂಬುದು ನೇಮಕದ ನಿಯಮ. ಇಂಥ ಒಳ್ಳೆಯ ನಿಯಮಗಳು ನಮ್ಮಲ್ಲಿ ಕಡಿಮೆ.

ಕಚೇರಿಯ ಜಗಲಿ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿದೆ. ಅಂಗವಿಕಲರ ಕಲ್ಯಾಣಕ್ಕೆಂದು ಪಂಚಾಯತಿ ತೆಗೆದಿಡಬೇಕಾದ ಶೇ 5ರ ಹಣದಲ್ಲಿ ಜಗಲಿಗೆ ಒಂದು ರ‍್ಯಾಂಪ್ ಕಟ್ಟಿದ್ದಾರೆ. ಸಿಮೆಂಟು ನುಣ್ಣಗಿದೆ, ಹಳದಿ ಬಣ್ಣ ಬಳಿದಿದೆ, ಉದ್ದ ಆರಡಿ. ಅದರ ಮೇಲೆ ಗಾಲಿಕುರ್ಚಿ ತಳ್ಳಲು ಹೋದ ಒಬ್ಬ ತಾಯಿಗೆ ಅರ್ಧ ದಾರಿಯಲ್ಲೇ ಮುಂದಿನ ಚಕ್ರಗಳು ಮೇಲೆದ್ದವು. ಇಬ್ಬರು ಓಡಿಬಂದು ಹಿಡಿದುಕೊಂಡರು. ಆಗ ಗಾರೆ ಕೆಲಸದ ಅಪ್ಪ ಎದ್ದರು. ಎಕ್ಸೆಲ್‌ನ ಚೀಲದಿಂದ ಟೇಪು ತೆಗೆದು ಜಗಲಿಯ ಎತ್ತರ ಹಿಡಿದರು, ರ‍್ಯಾಂಪಿನ ಉದ್ದ ಹಿಡಿದರು, ಎದ್ದು ನಿಂತು ಪಿಡಿಒ ಅವರಿಗೆ ಹೇಳಿದರು.

‘ಒಂದಡಿ ಏರಕ್ಕೆ ಹನ್ನೆರಡಡಿ ಉದ್ದ ಬೇಕು ಸಾರ್. ಇಲ್ಲಿ ಒಂದೂವರೆ ಅಡಿ ಏರ್ತೈತೆ, ಹದಿನೆಂಟಡಿ ಬಿಡ್ಬೇಕು. ನೀವು ಬಿಟ್ಟಿರೋದು ಆರೇ.’

‘ಅಷ್ಟು ಜಾಗ ಎಲ್ಲಿದೆಯಪ್ಪಾ?’

‘ನೇರ ಯಾಕ್ ತರ್ತೀರಾ? ಗೋಡೆ ಪಕ್ಕಕ್ಕೆ ತಿರುಗ್ಸಿ. ತಿರುವಿನಾಗೆ ಕುರ್ಚಿ ನಿಲ್ಲೋವಷ್ಟು ಸಮತಟ್ಟು ಕೊಡಿ. ಎರಡು ಕಡೀಕೂ ಕಂಬಿ ಹಾಕಿ. ನುಣ್ಣಗೆ ಮಾಡ್ಬೇಡಿ, ಮಳೇಲಿ ಜಾರ್ತೈತೆ. ಹಸೀ ಇರೋವಾಗ್ಲೆ ಪೊರಕೆ ಎಳೀಬೇಕು.’

ಇದೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರೆ, ಮಗಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿನ ರ‍್ಯಾಂಪನ್ನು ಅಳೆದುಕೊಂಡು ಬಂದಿದ್ದಾಗಿ ಹೇಳಿದರು. ಡಾಕ್ಟರಿಗಾಗಿ ಮೂರು ತಾಸು ಕಾಯಬೇಕಿತ್ತಂತೆ. ಆ ಹೊತ್ತಿನಲ್ಲಿ ಮಾಡಿದ ಕೆಲಸವಂತೆ ಅದು. ಕಟ್ಟಡಗಳಿಗೆ ಸರ್ಕಾರ ಹೊರಡಿಸಿದ ಸುಗಮ್ಯತೆಯ ಮಾನದಂಡದಲ್ಲೂ ಇರುವುದು ಇದೇ ಲೆಕ್ಕ, ಒಂದಕ್ಕೆ ಹನ್ನೆರಡು. ಪುಸ್ತಕದ ಲೆಕ್ಕ ಈ ಜಗಲಿಯವರೆಗೆ ಬಂದು ಮುಟ್ಟಲು ಗಾಲಿಕುರ್ಚಿಯ ಮಗಳಿರುವ ಒಬ್ಬ ಗಾರೆಯವ ಬೇಕಾಯಿತು.

ಅವತ್ತು ನಾನು ಅಲ್ಲಿ ಕಂಡ ಮುಖ್ಯ ಸಂಗತಿ ಇದೇ. ಹುಟ್ಟಿದಾಗಿನಿಂದ ಮಗುವನ್ನು ಎತ್ತಿ ಇಳಿಸಿದ ಕೈಗಳಿಗೆ ಗೊತ್ತಿರುವುದು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಬಾಗಿಲು ಎಷ್ಟು ಅಗಲ ಇರಬೇಕು, ಯಾವ ಬಸ್ಸಿಗೆ ಹತ್ತಬಹುದು, ಎಷ್ಟು ಹೊತ್ತು ಕೂತರೆ ಬೆನ್ನು ಸೋಲುತ್ತದೆ, ಹಸಿವಾದಾಗ ಯಾವ ಸದ್ದು ಮಾಡುತ್ತಾನೆ, ನೋವಾದಾಗ ಯಾವ ಸದ್ದು. ಸೇವೆಯ ರೂಪುರೇಷೆ ಹಾಕುವವರು ಇದನ್ನು ಕೇಳಿಕೊಂಡರೆ ಹಣ ಸದ್ಬಳಕೆಯಾಗುತ್ತದೆ. ಕೇಳದೆ ಹೋದರೆ ಆರಡಿಯ ರ‍್ಯಾಂಪುಗಳೇ ಎದ್ದು ನಿಲ್ಲುತ್ತವೆ.

ಮಾತು ಥೆರಪಿಗೆ ತಿರುಗಿತು. ತಾಲ್ಲೂಕು ಕೇಂದ್ರದ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಾರದಲ್ಲಿ ಒಂದು ದಿನ ಫಿಸಿಯೋಥೆರಪಿ ಇದೆ. ಶಿಬಿರ ಬೆಳಿಗ್ಗೆ ಒಂಬತ್ತೂವರೆಗೆ, ಅದೂ ಸಂತೆಯ ದಿನ. ಈ ಕಡೆಯ ಮೊದಲ ಬಸ್ಸು ತಾಲ್ಲೂಕು ತಲುಪುವುದೇ ಹತ್ತೂಕಾಲಿಗೆ. ಸಂತೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಈ ತಾಯಂದಿರಿಗೆ ಟಿಕೆಟ್ಟಿನ ಖರ್ಚು ಉಳಿದಿದೆ, ಅದು ಸಣ್ಣ ಮಾತಲ್ಲ; ವಾರಕ್ಕೊಮ್ಮೆ ತಾಲ್ಲೂಕಿಗೆ ಹೋಗುವುದು ಅದರಿಂದಲೇ ಸಾಧ್ಯವಾಯಿತು ಎಂದವರೂ ಅಲ್ಲಿದ್ದರು. ಮಗುವಿಗೆ ರಿಯಾಯಿತಿ ಪಾಸು ಇದೆ, ಮನೆಯಿಂದ 100 ಕಿಲೋಮೀಟರಿನವರೆಗೆ ನಡೆಯುತ್ತದೆ. ಟಿಕೆಟ್ಟಿನ ಚಿಂತೆ ತಪ್ಪಿದರೂ ಸೀಟಿನದು ತಪ್ಪಿಲ್ಲ. ‘ಹನ್ನೊಂದು ವರ್ಷದ ಹುಡುಗನ್ನ ಮಡಿಲಾಗೆ ಹಾಕ್ಕೊಂಡು, ಅವನ ಕಾಲು ಪಕ್ಕದೋರಿಗೆ ತಗುಲ್ದಂಗೆ ಹಿಡ್ಕೊಂಡು ಒಂದ್ ಗಂಟೆ ಕೂತ್ಕಬೇಕಲ್ಲ ಸಾರ್, ಅಲ್ಲಿ ಹೋಗೋವತ್ಗೆ ಅವನ ಮೈ ಕಟ್ಟಿಗೆ ಆಗಿರ್ತೈತೆ. ಆಮೇಲೆ ಮೇಡಮ್ಮು ಕಾಲು ಬಗ್ಗಿಸಿ ಅಂದ್ರೆ ಎಲ್ಲಿ ಬಗ್ತೈತೆ?’

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಸ್ನಾಯುಗಳು ದಣಿವಿಗೆ, ಗಾಬರಿಗೆ, ಚಳಿಗೆ ಇನ್ನಷ್ಟು ಬಿಗಿಯುತ್ತವೆ. ಫಿಸಿಯೋಥೆರಪಿಸ್ಟರಿಗೂ ಇದು ಗೊತ್ತು. ಆದರೆ ಶಿಬಿರದ ದಿನ ನಿಗದಿ ಮಾಡಿದವರಿಗೆ ಬಸ್ಸಿನ ವೇಳಾಪಟ್ಟಿ ಗೊತ್ತಿರಲಿಲ್ಲ. ಸಭೆಗೆ ಬಂದಿದ್ದ ಬಿಐಇಆರ್‌ಟಿ, ಅಂದರೆ ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಡೈರಿ ತೆರೆದು ಯಾವ ದಿನ, ಎಷ್ಟು ಗಂಟೆಗೆ ಅನುಕೂಲ ಎಂದು ಕೇಳಿದರು. ಮೂರು ಊರಿನ ತಾಯಂದಿರು ಅಲ್ಲಲ್ಲೇ ಗುಂಪುಗೂಡಿ ಐದು ನಿಮಿಷದಲ್ಲಿ ಉತ್ತರ ಕೊಟ್ಟರು: ಗುರುವಾರ, ಹನ್ನೊಂದರ ಮೇಲೆ, ದೂರದ ಊರಿನವರು ಕೊನೆಗೆ. ಕೊನೆಗೆ ಏಕೆ? ಬಂದ ಕೂಡಲೇ ಬೇಡ, ಮಗು ಅರ್ಧ ಗಂಟೆ ಮಲಗಿ ಮೈ ಸಡಿಲ ಮಾಡಿಕೊಳ್ಳಲಿ ಎಂದು.

ಡೈಪರ್ ವಿಷಯ ಬಂದಾಗ ಸ್ವಲ್ಪ ಬಿಸಿಯಾಯಿತು. ಶೇ 5ರ ಹಣದಲ್ಲಿ ಹಿಂದೆ ಮೂರು ಗಾಲಿಯ ಸೈಕಲ್‌ಗಳನ್ನು ಹಂಚಿದ್ದರು. ಅದರಲ್ಲೊಂದು ಎರಡೂ ಕೈ ಆಡದ ಹುಡುಗನ ಮನೆಗೆ ಹೋಗಿದೆ. ಈಗ ಅದರ ಮೇಲೆ ಹುಲ್ಲಿನ ಹೊರೆ ಇರುತ್ತದೆ. ಒಬ್ಬ ತಾಯಿ ಎದ್ದು, ‘ಸೈಕಲ್ ಬೇಡ, ದೊಡ್ಡ ಮಕ್ಕಳ ಡೈಪರ್ ಕೊಡ್ಸಿ’ ಎಂದರು. ಆಕೆಯ ಮಗಳಿಗೆ ಹದಿನಾಲ್ಕು ವರ್ಷ. ಋತುಮತಿಯಾಗಿದ್ದಾಳೆ. ದಿನಕ್ಕೆ ಎಷ್ಟು ಸಲ ಬಟ್ಟೆ ಬದಲಿಸಬೇಕು, ಬೇಸಿಗೆಯಲ್ಲಿ ಆ ಬಟ್ಟೆ ಒಗೆಯಲು ಎಲ್ಲಿಂದ ನೀರು ತರಬೇಕು ಎಂಬುದನ್ನು ಆಕೆ ಗಂಡಸರೇ ಕೂತಿದ್ದ ಮೇಜಿನ ಎದುರು ನಿಂತು, ದನಿ ತಗ್ಗಿಸದೆ, ವಿವರವಾಗಿ ಹೇಳಿದರು. ಯಾರೂ ತಲೆ ಎತ್ತಲಿಲ್ಲ. ಬಿಲ್ಲಿನಲ್ಲಿ ಡೈಪರನ್ನು ಯಾವ ಬಾಬ್ತಿಗೆ ಹಾಕುವುದು ಎಂಬುದು ಪಿಡಿಒ ಅವರ ತೊಡಕು. ಇಲಾಖೆಗೆ ಪತ್ರ ಬರೆದು ಕೇಳುವುದೆಂದು ಆಯಿತು. ಪತ್ರದ ನಕಲು ತನಗೂ ಬೇಕು ಎಂದು ಆ ತಾಯಿ ಅಲ್ಲೇ ಹೇಳಿದರು, ಅದನ್ನೂ ಬರೆಸಿದರು.

ಸಭೆಯ ನಂತರ ವಿಆರ್‌ಡಬ್ಲ್ಯು ಅವರ ಹಿಂದೆಯೇ ಒಂದು ಮನೆಗೆ ಹೋದೆ. ಎರಡು ಅಂಕಣದ ಮನೆ, ಒಳಗೆ ಮೂಟೆ ಕಟ್ಟಿದ ಕಡಲೆಕಾಯಿ. ಒಂಬತ್ತು ವರ್ಷದ ಹುಡುಗ ಗೋಡೆಗೆ ಒರಗಿಸಿದ, ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆಂದೇ ಮಾಡುವ ಸಿಪಿ ಚೇರ್‌ನಲ್ಲಿ ಕೂತಿದ್ದ. ಕುರ್ಚಿಯ ಪಕ್ಕದಲ್ಲಿ ಒಂದು ರಟ್ಟು ನೇತುಹಾಕಿತ್ತು. ರಟ್ಟಿನ ಮೇಲೆ ಅಂಟಿಸಿದ್ದು ಪಾರ್ಲೆ-ಜಿ ಪೊಟ್ಟಣದ ಮಗುವಿನ ಚಿತ್ರ, ನಂದಿನಿ ಹಾಲಿನ ಪ್ಯಾಕೆಟ್ಟಿನ ತುಂಡು, ಅಪ್ಪನ ಪಾಸ್‌ಪೋರ್ಟ್ ಅಳತೆಯ ಫೋಟೊ, ಮಂಚದ ಚಿತ್ರ, ಚೊಂಬಿನ ಚಿತ್ರ. ಕೊನೆಯ ಎರಡನ್ನು ಅಕ್ಕ ಬಾಲ್‌ಪೆನ್ನಿನಲ್ಲಿ ಬರೆದಿದ್ದಳು. ಹುಡುಗನಿಗೆ ಮಾತಿಲ್ಲ. ಎಡಗೈಯ ಗೆಣ್ಣು ನಿಧಾನವಾಗಿ ರಟ್ಟಿನ ಮೇಲೆ ಸರಿದು ಹಾಲಿನ ಪ್ಯಾಕೆಟ್ಟಿನ ಮೇಲೆ ನಿಂತಿತು. ಅಮ್ಮ, ‘ಹಾಲಾ? ಈಗ್ಲಾ?’ ಎಂದರು. ಅವನು ಕಣ್ಣು ಮುಚ್ಚಿ ತೆರೆದ. ಅಂದರೆ ಹೌದು. ನನ್ನ ಮುಂದೆ ಹಾಲು ಕಾಯಿಸಿ ಚಮಚದಲ್ಲಿ ಕುಡಿಸಿದರು. ಗಲ್ಲದ ಕೆಳಗೆ ಎರಡು ಬೆರಳು ಕೊಟ್ಟು ಬಾಯಿ ಮುಚ್ಚಲು ನೆರವಾಗುತ್ತಾ, ಒಂದು ಗುಟುಕು ಪೂರ್ತಿ ಇಳಿದ ಮೇಲೆ ಇನ್ನೊಂದು. ಕಾಲು ಲೋಟ ಹಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು.

ಮನೆಯಿಂದ ಹೊರಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಎಂಬ ಏರ್ಪಾಡಿದೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಇದಕ್ಕೆ ದಾರಿ ಮಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣವನ್ನು ಹಕ್ಕಾಗಿಸಿತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯ ಲೆಕ್ಕವಿದೆ. ಶಿಕ್ಷಕರು ಈ ಮನೆಗೆ ಬರುವಾಗ ಮೊದಮೊದಲು ಅಕ್ಷರದ ಫಲಕ, ಬಣ್ಣದ ಮಣಿ ತರುತ್ತಿದ್ದರಂತೆ. ಒಂದು ದಿನ ಅಮ್ಮ ರಟ್ಟನ್ನು ಮುಂದಿಟ್ಟು, ‘ಇದರ ಮೇಲೆ ಇನ್ನೂ ಏನೇನು ಅಂಟಿಸಬೌದು ಹೇಳಿ ಸಾರ್, ನನಗೆ ಇಷ್ಟೇ ತೋಚಿದ್ದು’ ಎಂದು ಕೇಳಿದರು. ಮುಂದಿನ ಸಲ ಶಿಕ್ಷಕರು ‘ನೋವು’, ‘ಸಾಕು’, ‘ಬೇಡ’, ‘ಹೊರಗೆ’ ಎಂಬ ನಾಲ್ಕು ಚಿತ್ರ ತಂದರು. ಅದರಲ್ಲಿ ‘ಬೇಡ’ ಅವನಿಗೆ ಅಚ್ಚುಮೆಚ್ಚು. ಒಂಬತ್ತು ವರ್ಷ ಬೇಡ ಎನ್ನಲು ದಾರಿಯೇ ಇಲ್ಲದವನು ಈಗ ದಿನಕ್ಕೆ ಹತ್ತು ಸಲ ಹೇಳುತ್ತಾನೆ. ಇಂಥ ರಟ್ಟುಗಳನ್ನು ಬೇರೆ ಮನೆಗಳಿಗೂ ಮಾಡಿಕೊಡುವುದೆಂದು ಆ ಶಿಕ್ಷಕರು ತಮ್ಮ ಪಾಠದ ಯೋಜನೆಯನ್ನೇ ಬದಲಿಸಿದ್ದಾರೆ. ಬಿಆರ್‌ಸಿಯ ಗೋಡೆಯ ಮೇಲೆ ಮಾದರಿಯಾಗಿ ಈಗ ನೇತಾಡುತ್ತಿರುವುದು ಈ ಮನೆಯ ರಟ್ಟಿನ ಪ್ರತಿ.

ಹೆತ್ತವರು ಹೀಗೆ ಕೂತು ಕೇಳಿ ಪಡೆದದ್ದಕ್ಕೆ ಈ ದೇಶದಲ್ಲಿ ಹಳೆಯ ದಾಖಲೆ ಇದೆ. 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದ ಮಿಥು ಆಲೂರ್, ಮಾಲಿನಿ ಚಿಬ್ ಅವರ ತಾಯಿ. ಮಗಳಿಗೆ ಶಾಲೆ ಸಿಗದೆ ಶಾಲೆಯನ್ನೇ ತೆರೆದವರು. ದೆಹಲಿಯಲ್ಲಿ 1991ರಲ್ಲಿ ಆಕ್ಷನ್ ಫಾರ್ ಆಟಿಸಂ ಹುಟ್ಟಿದ್ದೂ ಮೆರ‍್ರಿ ಬರುವಾ ಎಂಬ ತಾಯಿಯಿಂದಲೇ. ಬುದ್ಧಿಮಾಂದ್ಯ ಮಕ್ಕಳ ತಂದೆತಾಯಿಯರ ಸಂಘಗಳು ಊರೂರಲ್ಲಿ ಚದುರಿದ್ದವು. ಅವು 1995ರಲ್ಲಿ ‘ಪರಿವಾರ್’ ಎಂಬ ರಾಷ್ಟ್ರೀಯ ಒಕ್ಕೂಟವಾದವು. ಬೆಂಗಳೂರಿನ ಜೆ.ಪಿ. ಗಡ್ಕರಿ ಅವರು ಆ ಒಕ್ಕೂಟವನ್ನು ಮುನ್ನಡೆಸಿದವರಲ್ಲಿ ಒಬ್ಬರು. ‘ನಾವು ಸತ್ತ ಮೇಲೆ ಈ ಮಕ್ಕಳಿಗೆ ಯಾರು?’ ಎಂಬ ಒಂದೇ ಪ್ರಶ್ನೆಯನ್ನು ಸಚಿವಾಲಯಗಳ ಬಾಗಿಲಲ್ಲಿ ಮತ್ತೆ ಮತ್ತೆ ಕೇಳಿದ್ದರ ಫಲ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ. ಆ ನ್ಯಾಸದ ಮಂಡಳಿಯಲ್ಲಿ ತಂದೆತಾಯಿಯರ ಸಂಘಗಳಿಗೆ ಮೂರು ಸ್ಥಾನಗಳನ್ನು ಕಾನೂನೇ ಇಟ್ಟಿದೆ. ದೆಹಲಿಯ ಮಂಡಳಿಯಲ್ಲಿ ಕುರ್ಚಿ ಹಾಕಿದ ದೇಶ ಹೋಬಳಿಯ ಕಚೇರಿಯಲ್ಲೂ ಒಂದು ಕುರ್ಚಿ ಹಾಕಬೇಕಾದ್ದು ನ್ಯಾಯ. ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಇದೆ. ಅಲ್ಲಿಂದ ಕೆಳಗೆ, ಎಂಥ ಸೇವೆ ಎಂದು ದಿನವೂ ಅನುಭವಿಸುವ ಜಾಗದಲ್ಲಿ, ಹೆತ್ತವರ ದನಿಗೆ ಇರುವ ಆಸರೆ ಈ ಸಮನ್ವಯ ಗ್ರಾಮಸಭೆ ಮತ್ತು ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಎರಡೂ ಕಡೆ ಅವರು ತಾವಾಗಿಯೇ ಹೋಗಿ ಕೂರಬೇಕಿದೆ.

ಹೆತ್ತವರನ್ನು ಮೊದಲಿನಿಂದಲೇ ಒಳಗೆ ಕೂರಿಸಿಕೊಂಡ ಕಡೆಯೂ ಇದೆ. ಮೈಸೂರಿನ ಮಾನಸಗಂಗೋತ್ರಿಯ ಆವರಣದಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರೀಸ್ಕೂಲಿಗೆ ಹೋದವರು ಅಲ್ಲಿನ ದೃಶ್ಯ ಬಲ್ಲರು. ಮಕ್ಕಳ ಜೊತೆಗೇ ತಾಯಂದಿರೂ ಕೂತು, ಅಲ್ಲಿ ಕಲಿತದ್ದನ್ನು ಮನೆಯಲ್ಲಿ ಮುಂದುವರಿಸುತ್ತಾರೆ. ಪಾಠದ ಅರ್ಧ ಭಾರ ಮನೆಯ ಮೇಲಿದೆ ಎಂದು ಒಪ್ಪಿಕೊಂಡ ವ್ಯವಸ್ಥೆ ಅದು. ದೂರದ ಜಿಲ್ಲೆಗಳಿಂದ ಬಂದು, ಬಾಡಿಗೆ ಕೋಣೆ ಹಿಡಿದು, ಮಗುವಿಗಾಗಿ ವರ್ಷಗಟ್ಟಲೆ ಅಲ್ಲೇ ನೆಲೆಸುವ ತಾಯಂದಿರು ಆ ಊರಿನಲ್ಲಿ ಇಂದಿಗೂ ಸಿಗುತ್ತಾರೆ.

ಗುಂಪಾಗಿ ಕೇಳಿದರೆ ಏನಾಗಬಹುದು ಎಂಬುದಕ್ಕೆ ಕರಾವಳಿಯ ಗಡಿ ಸಾಕ್ಷಿ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ ಕನ್ನಡ ತುಳು ಮಾತಾಡುವ ಊರುಗಳು. ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಊರಿನ ವೈದ್ಯ ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೇಳಿದರು, ಪತ್ರಕರ್ತ ಶ್ರೀಪಡ್ರೆ ಬರೆದರು. ಇತ್ತ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮೇಲೂ ಅದೇ ಮಳೆ ಬಿದ್ದಿತ್ತು. ಶ್ರೀಧರ ಗೌಡರಂಥವರ ಹೋರಾಟ ಸಮಿತಿಯ ಹಿಂದೆ ಮನೆಮನೆಯ ತಂದೆತಾಯಿಯರಿದ್ದರು. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. 2017ರ ಜನವರಿ 10ರಂದು ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ನ್ಯಾಯಾಲಯ ಕೊಟ್ಟ ಪರಿಹಾರದ ಹಣದಷ್ಟೇ ಮುಖ್ಯವಾದದ್ದು ಆ ವಿಷಕ್ಕೆ ಸಿಕ್ಕ ಮಕ್ಕಳು ಹಗಲು ಹೊತ್ತು ಹೋಗಿ ಇರಲು ಒಂದು ಜಾಗ. ಕರ್ನಾಟಕದ ಕಡೆ ಕೊಕ್ಕಡದಲ್ಲಿ, ಕೊಯಿಲದಲ್ಲಿ ಪಾಲನಾ ಕೇಂದ್ರಗಳು ತೆರೆದವು. ಮಗುವನ್ನು ಕರೆದೊಯ್ಯುವ ವಾಹನ, ಮಧ್ಯಾಹ್ನದ ಊಟ, ಥೆರಪಿ. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ತಾಯಿಗೆ ತೋಟದ ಕೆಲಸಕ್ಕೆ ಹೋಗಲು ಬಿಡುವು. ಹಾಸಿಗೆ ಬಿಟ್ಟು ಏಳಲಾಗದವರಿಗೆ ಇದೂ ದೂರವೇ ಆದ್ದರಿಂದ ಶಾಶ್ವತ ಪುನರ್ವಸತಿ ಕೇಂದ್ರ ಬೇಕೆಂಬ ಬೇಡಿಕೆಯನ್ನು ಅಲ್ಲಿನವರು ಬಿಟ್ಟಿಲ್ಲ.

ಕೇರಳದಲ್ಲಿ ಪಂಚಾಯತಿಗಳೇ ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಜಾಲದ ಮೂಲಕ ಇಂಥ ಮಕ್ಕಳಿಗಾಗಿ ನಡೆಸುವ ‘ಬಡ್ಸ್’ ಶಾಲೆಗಳಿವೆ. 2004ರಲ್ಲಿ ತಿರುವನಂತಪುರದ ವೆಂಙಾನೂರಿನಲ್ಲಿ ಮೊದಲನೆಯದು ಶುರುವಾಯಿತು. ಈಗ ಎಣ್ಮಕಜೆಯಲ್ಲೂ ಇದೆ. ಊರಿನ ಸ್ಥಳೀಯ ಸಂಸ್ಥೆಯ ಕೈಯಲ್ಲೇ ಶಾಲೆ ಇರುವುದರಿಂದ, ಆಯಾ ಸಾಕಾಗಿಲ್ಲ ಎಂದರೆ ಕೇಳಲು ರಾಜಧಾನಿಗೆ ಹೋಗಬೇಕಿಲ್ಲ. ಆದರೂ 2019ರ ಜನವರಿ 30ರಂದು ಕಾಸರಗೋಡಿನ ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಕೂರಬೇಕಾಯಿತು. ಸಂತ್ರಸ್ತರ ಪಟ್ಟಿಯಿಂದ ಮಕ್ಕಳನ್ನು ಹೊರಗಿಟ್ಟದ್ದು ಅವರ ದೂರು. ಕೆಲವು ದಿನಗಳ ಬಳಿಕ ಮುಖ್ಯಮಂತ್ರಿಯ ಜೊತೆ ಮಾತುಕತೆಯಾಗಿ, 2017ರ ವೈದ್ಯಕೀಯ ಶಿಬಿರಕ್ಕೆ ಬಂದಿದ್ದವರಲ್ಲಿ 18ರೊಳಗಿನವರನ್ನು ಪಟ್ಟಿಗೆ ಸೇರಿಸಲು ಸರ್ಕಾರ ಒಪ್ಪಿತು. ಪಟ್ಟಿಯಲ್ಲಿ ಯಾರ ಹೆಸರಿರಬೇಕು ಎಂಬುದನ್ನೂ ಅಲ್ಲಿ ತಾಯಂದಿರು ತಿದ್ದಿಸಿದರು. ಹಾಗೆ ತಿದ್ದಿಸಲು ಅಷ್ಟು ದೂರದ ಪಯಣದ ನೋವು ಹೊರಬೇಕಾದದ್ದು ಮಾತ್ರ ಆಗಬಾರದಿತ್ತು.

ಶಿರಾ ಕಡೆಯ ಈ ಪಂಚಾಯತಿಯಲ್ಲಿ ಅಂಥ ದೊಡ್ಡ ಹೋರಾಟವೇನೂ ಇಲ್ಲ. ಇಲ್ಲಿ ಇರುವುದು ಸಣ್ಣ ಸಣ್ಣ ಕೇಳಿಕೆಗಳು, ಆದರೆ ಒಂದೊಂದರ ಹಿಂದೆಯೂ ಒಂದು ಮನೆಯ ಇಡೀ ದಿನ ನಿಂತಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡನ್ನೇ ತೆಗೆದುಕೊಳ್ಳಿ. ಅಂಗವೈಕಲ್ಯ ಶೇ 40ರಿಂದ 80ರ ಒಳಗಿದ್ದರೆ ಹಳದಿ, ಶೇ 80 ಅಥವಾ ಹೆಚ್ಚಿದ್ದರೆ ನೀಲಿ. ಬೌದ್ಧಿಕ ಅಸಾಮರ್ಥ್ಯದ ಪ್ರಮಾಣಪತ್ರಕ್ಕೆ ಮನೋವೈದ್ಯರು ಬೇಕು, ಅವರು ಜಿಲ್ಲಾ ಆಸ್ಪತ್ರೆಯಲ್ಲಿ ನಿಗದಿಯಾದ ದಿನ ಮಾತ್ರ ಸಿಗುತ್ತಾರೆ. ಸಾಲಿನಲ್ಲಿ ನಿಲ್ಲಲಾಗದ ಮಗುವನ್ನೇ ಸಾಲಿನಲ್ಲಿ ನಿಲ್ಲಿಸಬೇಕು. ತಾಲ್ಲೂಕಿಗೇ ವೈದ್ಯರು ಬರುವ ಶಿಬಿರ ಮಾಡಿ, ಬೆಳಿಗ್ಗೆ ಚೀಟಿ ಕೊಟ್ಟು ಹೆಸರು ಕರೆಯಿರಿ, ಅಲ್ಲಿಯವರೆಗೆ ಮಕ್ಕಳು ಮರದ ಕೆಳಗಿರಲಿ ಎಂದು ತಾಯಂದಿರು ಕೇಳಿದ್ದಾರೆ. ಚೀಟಿ ಕೊಡಲು ಯಾರ ಅನುದಾನವೂ ಬೇಡ.

ಇನ್ನೊಂದು ಸಂಗತಿ ಆ ಸಭೆಯಲ್ಲಿ ಹೆಚ್ಚಿನವರಿಗೆ ಹೊಸದಾಗಿತ್ತು. ಮಗುವಿಗೆ 18 ತುಂಬಿದ ದಿನ, ಬುದ್ಧಿ ಎಷ್ಟೇ ಇರಲಿ, ಕಾನೂನಿನ ಕಣ್ಣಲ್ಲಿ ಅದು ವಯಸ್ಕ; ಹೆತ್ತವರು ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ರಾಷ್ಟ್ರೀಯ ನ್ಯಾಸದ ವ್ಯಾಪ್ತಿಗೆ ಬರುವ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಜಿಲ್ಲಾಧಿಕಾರಿಯ ಸಮಿತಿಯಿಂದ ಪೋಷಕತ್ವದ ಆದೇಶ ಪಡೆಯಬೇಕು. ಹದಿನೇಳರ ಮಗನ ತಾಯಿಯೊಬ್ಬರು ಇದನ್ನು ಕೇಳಿ ಎದ್ದೇ ನಿಂತರು. ‘ಅವನ ಹೆಸರಲ್ಲಿ ಬ್ಯಾಂಕಿನಾಗೆ ಪೆನ್ಷನ್ ದುಡ್ಡೈತೆ. ಬರೋ ವರ್ಷ ನನಗೇ ಕೊಡಾಕಿಲ್ವಾ?’ ವಿಆರ್‌ಡಬ್ಲ್ಯು ಮೇಡಮ್ ಅರ್ಜಿ ನಮೂನೆಯನ್ನು ಅವರ ಕೈಗಿಟ್ಟು, ಯಾವ ಕಾಗದ ಎಲ್ಲಿ ಸಿಗುತ್ತದೆ ಎಂದು ಒಂದೊಂದಾಗಿ ಬರೆದುಕೊಟ್ಟರು.

ಆರೈಕೆ ಮಾಡುವವರ ಆರೈಕೆ ಯಾರದು ಎಂಬ ಮಾತನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ತಮ್ಮ ಬಗ್ಗೆ ಕೇಳುವುದು ಈ ಹೆಂಗಸರಿಗೆ ರೂಢಿಯೇ ಇಲ್ಲ. ಆದರೆ ಕೂತವರ ಮೈ ಅದನ್ನು ಹೇಳುತ್ತಿತ್ತು. ಒಬ್ಬರು ಸೊಂಟಕ್ಕೆ ಬೆಲ್ಟ್ ಕಟ್ಟಿದ್ದರು, ಇನ್ನೊಬ್ಬರಿಗೆ ಬಲಭುಜ ಎತ್ತಲು ಆಗುತ್ತಿರಲಿಲ್ಲ. ಕರ್ನಾಟಕದ 2024-25ರ ಬಜೆಟ್ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿಯಂಥ ಸ್ಥಿತಿಗಳಲ್ಲಿ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆರೈಕೆಯೂ ಕೆಲಸವೇ ಎಂದು ಸರ್ಕಾರ ಒಪ್ಪಿದ್ದು ದೊಡ್ಡದು, ಹಣ ಚಿಕ್ಕದು. ಗಂಡಸರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಷ್ಟು ಮಂದಿಯಲ್ಲಿ ಮಕ್ಕಳ ಅಪ್ಪಂದಿರು ಮೂವರೇ ಇದ್ದರು. ಮಿಕ್ಕವರು ದುಡಿಯಲು ಹೋಗಿದ್ದಾರೆ ಎಂಬುದು ನಿಜ, ಆದರೆ ಎರಡು ಮನೆಗಳಲ್ಲಿ ಅಪ್ಪ ಮನೆಯನ್ನೇ ಬಿಟ್ಟು ಹೋಗಿದ್ದಾನೆ. ಅಂಥ ಮನೆಯ ತಾಯಿಗೆ ಎರಡು ತಾಸು ಮಗುವನ್ನು ನೋಡಿಕೊಳ್ಳುವವರು ಸಿಕ್ಕರೆ ಅದಕ್ಕಿಂತ ದೊಡ್ಡ ಸೇವೆ ಇಲ್ಲ. ನಮ್ಮ ಯೋಜನೆಗಳ ಪಟ್ಟಿಯಲ್ಲಿ ಆ ಎರಡು ತಾಸು ಇನ್ನೂ ಸೇರಬೇಕಾಗಿದೆ.

ಬಿಆರ್‌ಸಿಯಲ್ಲಿ ಗುರುವಾರದ ಥೆರಪಿ ಶುರುವಾದ ಮೇಲೆ ಅಲ್ಲಿಗೂ ಹೋಗಿ ನೋಡಿದೆ. ಉದ್ದನೆಯ ಕೋಣೆ, ನೆಲಕ್ಕೆ ನೀಲಿ ಮ್ಯಾಟು, ಒಂದು ಕಡೆ ಸಮಾನಾಂತರ ಕಂಬಿಗಳು, ದೊಡ್ಡ ಥೆರಪಿ ಚೆಂಡು. ಹನ್ನೊಂದೂವರೆಯ ಹೊತ್ತಿಗೆ ಮಕ್ಕಳು ಮ್ಯಾಟಿನ ಮೇಲೆ ಮೈ ಚೆಲ್ಲಿದ್ದರು. ಫಿಸಿಯೋಥೆರಪಿಸ್ಟ್ ಒಬ್ಬ ಹುಡುಗನ ಹಿಮ್ಮಡಿ ಹಿಡಿದು ಪಾದವನ್ನು ನಿಧಾನವಾಗಿ ಮೇಲಕ್ಕೆ ಒತ್ತುತ್ತಿದ್ದರು. ಅವನ ತಾಯಿ ಇನ್ನೊಂದು ಪಾದಕ್ಕೆ ಅದನ್ನೇ ಮಾಡುತ್ತಾ ಬಾಯಲ್ಲಿ ಹತ್ತರವರೆಗೆ ಎಣಿಸುತ್ತಿದ್ದರು. ಬಾಗಿಲ ಬಳಿ ಬೇರೆ ಹೋಬಳಿಯ ಎಳೆ ವಯಸ್ಸಿನ ತಾಯಿಯೊಬ್ಬಳು ಎರಡು ವರ್ಷದ ಮಗುವನ್ನು ಅಪ್ಪಿಕೊಂಡು ನಿಂತಿದ್ದಳು. ಮೊದಲ ಸಲ ಬಂದದ್ದು, ಕಣ್ಣು ಕೆಂಪಾಗಿತ್ತು. ಡೈಪರ್ ಕೇಳಿದ್ದ ತಾಯಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅಳ್ಬೇಡ ಕಣಮ್ಮಿ. ಮೊದ್ಲು ಸರ್ಟಿಫಿಕೇಟ್ ಮಾಡ್ಸು, ಐದು ವರ್ಷದವರ‍್ಗೂ ತಾತ್ಕಾಲಿಕ ಕೊಡ್ತಾರೆ, ಆಮೇಲೆ ಮತ್ತೆ ನೋಡ್ತಾರೆ. ನಿರಾಮಯ ಅಂತ ಇನ್ಶೂರೆನ್ಸ್ ಐತೆ, ವರ್ಷಕ್ಕೆ ಒಂದು ಲಕ್ಷದವರ‍್ಗೂ ಬತ್ತದೆ, ಥೆರಪಿ ಖರ್ಚೂ ಅದ್ರಾಗೆ ಐತೆ. ನನ್ ನಂಬರ್ ಬರ್ಕೊ’ ಎಂದು ಹೇಳುತ್ತಿದ್ದರು. ಆ ಕೋಣೆಯ ಅತ್ಯಂತ ಉಪಯುಕ್ತ ಮಾಹಿತಿ ಕೇಂದ್ರ ಅದೇ ಆಗಿತ್ತು.

ಮಧ್ಯಾಹ್ನ ಶಿಕ್ಷಣ ಇಲಾಖೆಯ ಅಧಿಕಾರಿ ಬಂದಾಗ ತಾಯಂದಿರು ಒಂದು ಪತ್ರ ಕೊಟ್ಟರು. ಊರಿನ ಶಾಲೆಯಲ್ಲಿ ವಿಶೇಷ ಮಕ್ಕಳಿಗೆಂದು ಹೊಸ ಶೌಚಾಲಯ ಮಂಜೂರಾಗಿದೆ. ಪತ್ರದಲ್ಲಿ ನಾಲ್ಕೇ ಸಾಲು: ಬಾಗಿಲು ಮೂರಡಿ ಅಗಲ ಇರಲಿ, ಹೊರಕ್ಕೆ ತೆರೆಯಲಿ, ಒಳಗೆ ತಾಯಿಯೂ ನಿಲ್ಲುವಷ್ಟು ಜಾಗ ಇರಲಿ, ಹಿಡಿಯುವ ಕಂಬಿ ಎಡಗಡೆಗೂ ಇರಲಿ. ಎಡಗಡೆಗೂ ಏಕೆಂದರೆ ಅದನ್ನು ಬಳಸುವ ಮೂವರು ಮಕ್ಕಳಲ್ಲಿ ಇಬ್ಬರಿಗೆ ಬಲಗೈಗೆ ಬಲವಿಲ್ಲ. ಅಧಿಕಾರಿ ಓದಿ, ಎಂಜಿನಿಯರಿಗೆ ಕಳಿಸುತ್ತೇನೆ ಎಂದರು.

‘ಕಳ್ಸಿ ಸಾರ್. ಆದ್ರೆ ಎಂಜಿನಿಯರ್ ಸಾಹೇಬ್ರು ಸುಣ್ಣದಾಗೆ ಗುರುತು ಹಾಕಾಕೆ ಬತ್ತಾರಲ್ಲ, ಅವತ್ತು ನಮಗೊಂದು ಫೋನ್ ಮಾಡ್ಸಿ. ಗೋಡೆ ಎದ್ಮೇಲೆ ಬಂದು ನಾವೇನ್ ಮಾಡಾನ? ಗುರುತು ಹಾಕೋ ದಿನ ಕುರ್ಚಿ ತಂದು ಇಟ್ಟು ತೋರಿಸ್ತೀವಿ.’

ಅಧಿಕಾರಿ ಪೆನ್ನು ತೆಗೆದು ಪತ್ರದ ಮೂಲೆಯಲ್ಲಿ ಆಕೆಯ ಫೋನ್ ನಂಬರ್ ಬರೆದುಕೊಂಡರು. ಪಕ್ಕದಲ್ಲಿದ್ದ ಗಾರೆ ಕೆಲಸದ ಅಪ್ಪ, ‘ನಂದೂ ಬರ್ಕೊಳ್ಳಿ ಸಾರ್’ ಎಂದರು.